ಮನೆಬಾಗಿಲಿಗೆ ಬಂದ ವಿಶ್ವವಿದ್ಯಾನಿಲಯ: ಪ್ರೊ. ಜಿ. ರಾಮರೆಡ್ಡಿಯವರ ಜೀವನ ಮತ್ತು ಸಾಧನೆ

ವಿದ್ಯಾಸಂಸ್ಥೆಗಳನ್ನು ಕಟ್ಟಿ ಬೆಳೆಸಿದ ಮಹನೀಯರ ಹೆಸರು ಸಾಮಾನ್ಯವಾಗಿ ಅವರು ನಿಲ್ಲಿಸಿದ ಕಟ್ಟಡಗಳೊಡನೆ ಬೆಸೆದುಕೊಂಡಿರುತ್ತದೆ. ವಿಶಾಲವಾದ ಗ್ರಂಥಾಲಯವನ್ನೋ ಸಾಲುಗಂಬಗಳ ಪಡಸಾಲೆಯನ್ನೋ ಕಂಡೊಡನೆ ಅದನ್ನು ಕಟ್ಟಿಸಿದವರ ನೆನಪು ಬರುವುದು ಸಹಜವೇ ಆಗಿದೆ. ಆದರೆ ಪ್ರತಿದಿನ ಬಂದು ಕೂಡುವ ತರಗತಿಯಿಲ್ಲದ, ಹಾಜರಿಯ ಗಂಟೆಯಿಲ್ಲದ ವಿಶ್ವವಿದ್ಯಾನಿಲಯವೊಂದನ್ನು ಕಟ್ಟಿ, ಅದರ ಪದವಿಗೆ ಇತರ ಪದವಿಗಳಿಗಿರುವ ಮರ್ಯಾದೆಯನ್ನೇ ತಂದುಕೊಡಲು ಹೆಣಗಿದವರ ಸ್ಮಾರಕವನ್ನು ಎಲ್ಲಿ ಹುಡುಕಬೇಕು? ಹಗಲೆಲ್ಲ ದುಡಿದು ರಾತ್ರಿ ದೀಪದ ಬೆಳಕಿನಲ್ಲಿ ಪಾಠದ ಹೊತ್ತಗೆಯನ್ನು ತೆರೆದು ಕುಳಿತ ಸಾವಿರಾರು ಜನರ ಬದುಕಿನಲ್ಲಿಯೇ ಅದನ್ನು ಹುಡುಕಬೇಕಾಗುತ್ತದೆ. ಭಾರತದ ಮೊಟ್ಟಮೊದಲ ಮುಕ್ತ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾಗಿದ್ದ ಪ್ರೊ. ಜಿ. ರಾಮರೆಡ್ಡಿಯವರು ಅಂತಹ ಅಪರೂಪದ ನಿರ್ಮಾಪಕರು.

ರಾಮರೆಡ್ಡಿಯವರು 1929ರ ಡಿಸೆಂಬರ್ 4ರಂದು ಅಂದಿನ ಹೈದರಾಬಾದು ಸಂಸ್ಥಾನದ ಕರೀಂನಗರ ಜಿಲ್ಲೆಯಲ್ಲಿ ಜನಿಸಿದರು. ನಿಜಾಮರ ಆಳ್ವಿಕೆಯಲ್ಲಿದ್ದ ಆ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಈ ಮೂರು ನುಡಿಗಳ ಜನರು ಬಹುಸಂಖ್ಯೆಯಲ್ಲಿದ್ದರೂ ಆಡಳಿತದ ಭಾಷೆ ಮತ್ತು ಉಚ್ಚಶಿಕ್ಷಣದ ಭಾಷೆ ಉರ್ದುವಾಗಿದ್ದಿತು. ಶಾಲೆಗಳು ವಿರಳ, ಕಾಲೇಜುಗಳು ಇನ್ನೂ ವಿರಳ. ಅಕ್ಷರಸ್ಥರ ಪ್ರಮಾಣವು ಇಡೀ ದೇಶದ ಪ್ರಮಾಣಕ್ಕಿಂತ ಬಹಳ ಕೆಳಗಿದ್ದಿತು. ಹಳ್ಳಿಯ ಹುಡುಗನೊಬ್ಬನು ಪದವಿಯವರೆಗೆ ಓದಬೇಕಾದರೆ ತನ್ನದಲ್ಲದ ನುಡಿಯನ್ನು ಕಲಿತು, ತನ್ನದಲ್ಲದ ಊರಿಗೆ ಹೋಗಿ ನೆಲೆಸಬೇಕಾಗಿದ್ದ ಕಾಲ ಅದು. ರಾಮರೆಡ್ಡಿಯವರಿಗೆ ಹತ್ತೊಂಬತ್ತು ವರ್ಷ ತುಂಬುವ ಮುನ್ನವೇ, 1948ರ ಸೆಪ್ಟೆಂಬರಿನಲ್ಲಿ, ಸಂಸ್ಥಾನವು ಭಾರತದಲ್ಲಿ ಸೇರಿತು. ಅವರ ತಲೆಮಾರಿನ ತರುಣರಿಗೆ ಹೊಸ ದೇಶವೊಂದು ಕಣ್ಣ ಮುಂದೆಯೇ ರೂಪುಗೊಂಡಿತು.

ಅಂದು ಆ ಸಂಸ್ಥಾನದಲ್ಲಿದ್ದ ವಿಶ್ವವಿದ್ಯಾನಿಲಯ ಒಂದೇ ಒಂದು. ಅದು 1918ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಉಸ್ಮಾನಿಯಾ. ದೇಶೀಯ ಭಾಷೆಯೊಂದನ್ನು ಉಚ್ಚಶಿಕ್ಷಣದ ಮಾಧ್ಯಮವನ್ನಾಗಿ ಮಾಡಿ ತೋರಿಸಿದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಆದರೆ ಆ ಭಾಷೆಯು ಹಳ್ಳಿಗಳ ಬಹುಜನರ ಮನೆಮಾತಾಗಿರಲಿಲ್ಲವೆಂಬುದೂ ಅಷ್ಟೇ ನಿಜ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೂ ಉಸ್ಮಾನಿಯಾವೇ ವಿಶ್ವವಿದ್ಯಾನಿಲಯವಾಗಿದ್ದಿತು. ಇಂದು ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ಆ ಭಾಗದ ಹಿರಿಯ ವಕೀಲರು, ಅಧ್ಯಾಪಕರು, ಸಾರ್ವಜನಿಕ ಕಾರ್ಯಕರ್ತರು ಅನೇಕರು ಅಲ್ಲಿಯೇ ಓದಿದವರು. ವಿದ್ಯೆಗಾಗಿ ದೂರ ಹೋಗಬೇಕಾದ ಕಷ್ಟವು ತೆಲಂಗಾಣದ ತೆಲುಗರಿಗೂ ಈ ಕನ್ನಡಿಗರಿಗೂ ಸಮಾನವಾದ ಅನುಭವವಾಗಿದ್ದಿತು. ಅದೇ ಉಸ್ಮಾನಿಯಾದಲ್ಲಿ ರಾಮರೆಡ್ಡಿಯವರು ಲೋಕಾಡಳಿತಶಾಸ್ತ್ರದ ಪ್ರಾಧ್ಯಾಪಕರಾದರು.

ಲೋಕಾಡಳಿತವೆಂದರೆ ಕಚೇರಿಯ ಕಡತಗಳ ಶಾಸ್ತ್ರವೆಂಬ ಭಾವನೆ ಸಾಮಾನ್ಯ. ರಾಮರೆಡ್ಡಿಯವರು ಅದನ್ನು ಹಳ್ಳಿಯ ಕಡೆಗೆ ತಿರುಗಿಸಿದರು. 1959ರಲ್ಲಿ ರಾಜಸ್ಥಾನ ಮತ್ತು ಆಂಧ್ರಪ್ರದೇಶಗಳು ಪಂಚಾಯತರಾಜ್ಯ ವ್ಯವಸ್ಥೆಯನ್ನು ಆರಂಭಿಸಿದಾಗ, ಅಧಿಕಾರವು ದಿಲ್ಲಿಯಿಂದಲೂ ಹೈದರಾಬಾದಿನಿಂದಲೂ ಇಳಿದು ಗ್ರಾಮದ ಚಾವಡಿಗೆ ನಿಜವಾಗಿ ಬಂದಿತೇ ಎಂಬುದು ವಿದ್ವಾಂಸರ ಮುಂದಿದ್ದ ಪ್ರಶ್ನೆಯಾಗಿದ್ದಿತು. ಅವರು ಈ ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನಟ್ಟಿದರು. ಮತದಾರನಿಗೂ ಪಂಚಾಯತಿಗೂ ಇರುವ ಸಂಬಂಧವನ್ನು ಕುರಿತು ಕೆ. ಶೇಷಾದ್ರಿಯವರೊಡನೆ ಬರೆದ ಗ್ರಂಥವೂ, ಭಾರತದ ವಿವಿಧ ರಾಜ್ಯಗಳ ಪಂಚಾಯತ ವ್ಯವಸ್ಥೆಗಳನ್ನು ಒಟ್ಟಿಗೆ ಇರಿಸಿ ನೋಡುವ, ಅವರು ಸಂಪಾದಿಸಿದ ಇನ್ನೊಂದು ಗ್ರಂಥವೂ ಈ ಕ್ಷೇತ್ರದ ಅಭ್ಯಾಸಿಗಳಿಗೆ ಆಧಾರವಾದವು.

ಈ ಅಧ್ಯಯನಗಳ ಸಾಲಿನಲ್ಲಿ ವಿಶೇಷವಾಗಿ ನೆನೆಯಬೇಕಾದ ಒಂದು ಲೇಖನವಿದೆ. ಜಿ. ಹರಗೋಪಾಲ್ ಅವರೊಡನೆ ರಾಮರೆಡ್ಡಿಯವರು ಬರೆದು 1985ರಲ್ಲಿ ಪ್ರಕಟವಾದ ಆ ಲೇಖನದ ವಸ್ತು ಹಳ್ಳಿಗಾಡಿನ ಪೈರವಿಕಾರ. ಬಡವನಿಗೂ ಸರಕಾರಿ ಕಚೇರಿಗೂ ನಡುವೆ ನಿಂತು, ಅರ್ಜಿ ಬರೆದುಕೊಟ್ಟು, ಅಧಿಕಾರಿಯನ್ನು ಕಂಡು, ಕೆಲಸ ಮಾಡಿಸಿಕೊಟ್ಟು, ಅದಕ್ಕೆ ಪ್ರತಿಫಲ ಪಡೆಯುವ ಮಧ್ಯಸ್ಥನೇ ಪೈರವಿಕಾರ. ಸರಕಾರವು ಬಡವರಿಗಾಗಿ ಸಾಲ, ಸಹಾಯಧನಗಳ ಯೋಜನೆಯನ್ನು ಮಾಡುತ್ತದೆ. ಆದರೆ ಅದರ ನಿಯಮವನ್ನು ಓದಲಾರದ, ಕಚೇರಿಯ ಮೆಟ್ಟಿಲು ಹತ್ತಲು ಅಂಜುವ ಬಡವನಿಗೆ ಅದು ತಾನಾಗಿ ತಲುಪುವುದಿಲ್ಲ. ಕಾಗದದ ಮೇಲೆ ಬಾಗಿಲು ತೆರೆದಿದ್ದರೂ ಬಾಗಿಲಿನವರೆಗೆ ಬರುವ ದಾರಿಯನ್ನು ಯಾರೂ ಮಾಡಿರುವುದಿಲ್ಲ. ಆ ತೆರಪನ್ನು ಪೈರವಿಕಾರನು ತುಂಬುತ್ತಾನೆ. ರಾಮರೆಡ್ಡಿಯವರ ಮುಂದಿನ ಕಾರ್ಯವನ್ನೆಲ್ಲ ಈ ಅರಿವಿನ ಬೆಳಕಿನಲ್ಲಿ ನೋಡಿದರೆ ಅದರ ಅರ್ಥ ಸ್ಪಷ್ಟವಾಗುತ್ತದೆ. ಬಾಗಿಲು ತೆರೆಯುವುದು ಕೆಲಸದ ಅರ್ಧ ಮಾತ್ರ. ಬರಲಾರದವನ ಬಳಿಗೆ ಸಂಸ್ಥೆಯೇ ನಡೆದು ಹೋಗುವುದು ಉಳಿದರ್ಧ.

1977ರಲ್ಲಿ ರಾಮರೆಡ್ಡಿಯವರು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1982ರ ವರೆಗೆ ಆ ಹೊಣೆಯನ್ನು ಹೊತ್ತರು. ಸ್ವಾತಂತ್ರ್ಯಾನಂತರ ಪ್ರೌಢಶಾಲೆಗಳು ಹೆಚ್ಚಿ, ಅವುಗಳಿಂದ ಹೊರಬಂದ ತರುಣರು ಕಾಲೇಜುಗಳ ಬಾಗಿಲಲ್ಲಿ ಗುಂಪುಗೂಡುತ್ತಿದ್ದ ಕಾಲವದು. ಎಲ್ಲರಿಗೂ ಸ್ಥಳವಿರಲಿಲ್ಲ. ಸ್ಥಳ ದೊರೆತರೂ ಹಗಲು ತರಗತಿಗೆ ಬರಲು ಎಲ್ಲರಿಗೂ ಬಿಡುವಿರಲಿಲ್ಲ. ಮನೆಯ ಭಾರ ಹೊತ್ತ ಗುಮಾಸ್ತ, ಹದಿನೆಂಟಕ್ಕೆ ಮದುವೆಯಾಗಿ ಓದು ನಿಲ್ಲಿಸಿದ ಗೃಹಿಣಿ, ಬೇಸಾಯ ಬಿಟ್ಟು ಬರಲಾರದ ರೈತನ ಮಗ ಇವರಿಗೆ ವಿಶ್ವವಿದ್ಯಾನಿಲಯವು ದೂರದ ಬೆಟ್ಟವಾಗಿಯೇ ಉಳಿದಿದ್ದಿತು. ರಾಮರೆಡ್ಡಿಯವರು ಕುಲಪತಿಗಳಾದ 1977ರಲ್ಲಿಯೇ ಉಸ್ಮಾನಿಯಾದಲ್ಲಿ ಅಂಚೆಯ ಮೂಲಕ ಶಿಕ್ಷಣ ನೀಡುವ ಸಂಸ್ಥೆಯೊಂದು ಆರಂಭವಾಯಿತು.

ಅಂಚೆ ಶಿಕ್ಷಣವು ನಮ್ಮ ದೇಶಕ್ಕೆ ಆಗ ಹೊಸದೇನೂ ಆಗಿರಲಿಲ್ಲ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಸಮಿತಿಯ ಸಲಹೆಯ ಮೇರೆಗೆ 1962ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯವು ಅದನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. ಕನ್ನಡ ನಾಡಿನ ಎಷ್ಟೋ ಪ್ರಾಥಮಿಕ ಶಾಲೆಯ ಅಧ್ಯಾಪಕರು ಮೈಸೂರಿನ ಅಂಚೆ ಮತ್ತು ತೆರಪಿನ ಶಿಕ್ಷಣದಿಂದಲೇ ಪದವೀಧರರಾದರು. ಈ ಪದ್ಧತಿಯ ಉಪಕಾರವು ದೊಡ್ಡದು. ಆದರೆ ಅದರ ಕೊರತೆಗಳೂ ಚಿಕ್ಕವಾಗಿರಲಿಲ್ಲ. ಪ್ರವೇಶದ ನಿಯಮಗಳು ಕಾಲೇಜಿನವೇ ಆಗಿದ್ದುದರಿಂದ ಶಾಲೆಯನ್ನು ನಡುವೆ ಬಿಟ್ಟವರಿಗೆ ಅಲ್ಲಿ ಎಡೆಯಿರಲಿಲ್ಲ. ಪಾಠಗಳೆಂದು ಹೋಗುತ್ತಿದ್ದವು ಬಹುಮಟ್ಟಿಗೆ ತರಗತಿಯ ಟಿಪ್ಪಣಿಗಳ ಪ್ರತಿಗಳು. ಒಂಟಿಯಾಗಿ ಓದುವವನ ಸಂಶಯಗಳನ್ನು ಊಹಿಸಿ ಬರೆದವಲ್ಲ. ಬರುತ್ತಿದ್ದ ಶುಲ್ಕವು ಅನೇಕ ಕಡೆ ಮಾತೃಸಂಸ್ಥೆಯ ಇತರ ವೆಚ್ಚಗಳಿಗೆ ಸಲ್ಲುತ್ತಿದ್ದಿತು. ತರಗತಿಗೆ ಬರುವವನು ಮೊದಲನೆಯ ಮಗ, ಅಂಚೆಯಲ್ಲಿ ಓದುವವನು ಎರಡನೆಯ ಮಗ ಎಂಬ ಭೇದವು ವಿಶ್ವವಿದ್ಯಾನಿಲಯಗಳ ಒಳಗೆ ಬೆಳೆದಿದ್ದಿತು.

ಇದಕ್ಕಿಂತ ಭಿನ್ನವಾದ ಮಾರ್ಗವೊಂದು ಬ್ರಿಟನ್ನಿನಲ್ಲಿ ರೂಪುಗೊಂಡಿದ್ದಿತು. 1969ರಲ್ಲಿ ಸನದು ಪಡೆದು 1971ರಲ್ಲಿ ಬೋಧನೆಯನ್ನು ಆರಂಭಿಸಿದ ಅಲ್ಲಿಯ ಮುಕ್ತ ವಿಶ್ವವಿದ್ಯಾನಿಲಯವು ಪೂರ್ವವಿದ್ಯಾರ್ಹತೆಯ ಕಟ್ಟಳೆಯನ್ನೇ ತೆಗೆದುಹಾಕಿತು. ದೂರದಿಂದ ಕಲಿಯುವವರಿಗಾಗಿಯೇ ಪಾಠಗಳನ್ನು ತಜ್ಞರ ತಂಡಗಳಿಂದ ಬರೆಸಿತು. ಆಕಾಶವಾಣಿ, ದೂರದರ್ಶನಗಳನ್ನು ತರಗತಿಯಾಗಿ ಬಳಸಿತು. ಭಾರತ ಸರಕಾರವು 1974ರಲ್ಲಿ ಜಿ. ಪಾರ್ಥಸಾರಥಿಯವರ ನೇತೃತ್ವದಲ್ಲಿ ಒಂದು ಕಾರ್ಯತಂಡವನ್ನು ನೇಮಿಸಿ, ಇಂತಹ ಸಂಸ್ಥೆಯು ನಮ್ಮಲ್ಲಿ ಸಾಧ್ಯವೇ ಎಂದು ವಿಚಾರಿಸಿತು. ಸಾಧ್ಯವೆಂದು ವರದಿಯೂ ಬಂದಿತು. ಆದರೆ ಅದು ಕೂಡಲೇ ಕಾರ್ಯರೂಪಕ್ಕೆ ಬರಲಿಲ್ಲ. ಕೇಂದ್ರವು ಹಿಂದೆಮುಂದೆ ನೋಡುತ್ತಿದ್ದಾಗ ಒಂದು ರಾಜ್ಯವು ಮುಂದೆ ಬಂದಿತು. ಭವನಂ ವೆಂಕಟರಾಮಿರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ, 1982ರ ಆಗಸ್ಟ್ 26ರಂದು, ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಅದರ ಪ್ರಥಮ ಕುಲಪತಿಗಳಾಗಿ ರಾಮರೆಡ್ಡಿಯವರು ನಿಯುಕ್ತರಾದರು. ಅರವತ್ತು ವರ್ಷಗಳ ಪರಂಪರೆಯುಳ್ಳ ದೊಡ್ಡ ವಿಶ್ವವಿದ್ಯಾನಿಲಯವನ್ನು ನಡೆಸಿದವರು ಏನೂ ಇಲ್ಲದ ಕಡೆಯಿಂದ ಮತ್ತೆ ಆರಂಭಿಸಿದರು.

ಹೊಸ ಸಂಸ್ಥೆಯನ್ನು ಸಂಶಯದಿಂದ ನೋಡಿದವರು ಕಡಮೆಯಿರಲಿಲ್ಲ. ಗುರುಮುಖದಿಂದಲ್ಲದೆ ವಿದ್ಯೆಯು ಸಿದ್ಧಿಸುವುದಿಲ್ಲವೆಂಬುದು ನಮ್ಮ ನೆಲದ ಹಳೆಯ ನಂಬಿಕೆ. ಗುರುವಿನ ಎದುರಿಗೆ ಕೂಡದ, ಸಹಪಾಠಿಯೊಡನೆ ಚರ್ಚಿಸದ, ಪ್ರಯೋಗಶಾಲೆಯನ್ನು ನಿತ್ಯ ಕಾಣದ ವಿದ್ಯಾರ್ಥಿಗೆ ಕೊಡುವ ಪದವಿಯು ಎಂತಹದು? ಇಂಟರ್‌ಮೀಡಿಯೆಟ್ ಪಾಸಾಗದವನನ್ನು ಪದವಿಯ ತರಗತಿಗೆ ಸೇರಿಸಿಕೊಳ್ಳುವುದೆಂದರೆ ಪದವಿಯನ್ನೇ ಅಗ್ಗಗೊಳಿಸಿದಂತಲ್ಲವೇ? ಈ ಪ್ರಶ್ನೆಗಳು ದುರುದ್ದೇಶದಿಂದ ಹುಟ್ಟಿದವಲ್ಲ. ಶಿಕ್ಷಣದ ಮೇಲೆ ಕಾಳಜಿಯುಳ್ಳವರೇ ಕೇಳಿದ ಪ್ರಶ್ನೆಗಳು. ಇವುಗಳಿಗೆ ಭಾಷಣದಿಂದ ಉತ್ತರ ಕೊಡಲಾಗುತ್ತಿರಲಿಲ್ಲ. ವ್ಯವಸ್ಥೆಯಿಂದಲೇ ಉತ್ತರ ಕೊಡಬೇಕಾಗಿದ್ದಿತು. ಈ ಸಂಸ್ಥೆಯು ಬಿದ್ದಿದ್ದರೆ ದೇಶದಲ್ಲಿ ಇನ್ನೊಂದು ಮುಕ್ತ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಲು ಯಾರೂ ಧೈರ್ಯ ಮಾಡುತ್ತಿರಲಿಲ್ಲವೆಂಬುದನ್ನು ನೆನೆದರೆ, ಅಂದು ಅವರ ಹೆಗಲ ಮೇಲಿದ್ದ ಭಾರವೆಷ್ಟೆಂಬುದು ತಿಳಿದೀತು.

ಮೊದಲನೆಯ ಉತ್ತರವು ಪ್ರವೇಶಕ್ಕೆ ಸಂಬಂಧಿಸಿದ್ದು. ಇಂಟರ್‌ಮೀಡಿಯೆಟ್ ಮುಗಿಸಿದವರಿಗೆ ನೇರವಾದ ಪ್ರವೇಶವಿದ್ದಿತು. ಯಾವ ಪ್ರಮಾಣಪತ್ರವೂ ಇಲ್ಲದವರು ನಿಗದಿಯಾದ ವಯಸ್ಸು ತುಂಬಿದ್ದರೆ ಅರ್ಹತಾ ಪರೀಕ್ಷೆಯೊಂದನ್ನು ಬರೆದು ಒಳಗೆ ಬರಬಹುದಾಗಿದ್ದಿತು. ಶಾಲೆಯಲ್ಲಿ ಕಳೆದ ವರ್ಷಗಳೆಷ್ಟು ಎಂಬುದನ್ನು ಕೇಳದೆ, ಈಗ ಓದಬಲ್ಲೆಯಾ ಎಂಬುದನ್ನು ಮಾತ್ರ ಕೇಳುವ ಪದ್ಧತಿಯಿದು. ಬಡತನದಿಂದಲೋ ಅಕಾಲದ ಸಂಸಾರಭಾರದಿಂದಲೋ ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕ ಮುಚ್ಚಿಟ್ಟವನು ಮೂವತ್ತನೆಯ ವಯಸ್ಸಿನಲ್ಲಿ ಅದನ್ನು ಮತ್ತೆ ತೆರೆಯಲು ಇದರಿಂದ ಅವಕಾಶವಾಯಿತು. ಪದವಿಗೆ ಕನಿಷ್ಠ ಮೂರು ವರ್ಷಗಳ ಅವಧಿಯಿದ್ದರೂ ಅಷ್ಟರಲ್ಲಿಯೇ ಮುಗಿಸಬೇಕೆಂಬ ಬಲವಂತವಿರಲಿಲ್ಲ. ಹೆರಿಗೆ, ವರ್ಗಾವಣೆ, ಸುಗ್ಗಿ, ಕಾಯಿಲೆ ಇವು ಬದುಕಿನಲ್ಲಿ ಬಂದೇ ಬರುತ್ತವೆಂಬುದನ್ನು ಒಪ್ಪಿಕೊಂಡ ನಿಯಮವದು. ಒಳಗೆ ಬರುವ ಬಾಗಿಲನ್ನು ಅಗಲ ಮಾಡಲಾಯಿತು; ಹೊರಗೆ ಹೋಗುವ ಬಾಗಿಲು, ಅಂದರೆ ಪರೀಕ್ಷೆಯು, ಎಲ್ಲರಿಗೂ ಒಂದೇ ಅಳತೆಯದಾಗಿ ಉಳಿಯಿತು.

ಎರಡನೆಯ ಉತ್ತರವು ಪಾಠಗಳು. ದೂರಶಿಕ್ಷಣದಲ್ಲಿ ಮುದ್ರಿತ ಪಾಠವೇ ಗುರುವಿನ ಸ್ಥಾನದಲ್ಲಿರುತ್ತದೆ. ತರಗತಿಯಲ್ಲಿ ಮೇಷ್ಟರು ಹುಡುಗನ ಮುಖ ನೋಡಿ, ಅರ್ಥವಾಗಲಿಲ್ಲವೆಂದು ತಿಳಿದು, ಮತ್ತೊಂದು ಉದಾಹರಣೆ ಕೊಡುತ್ತಾರೆ. ಮುದ್ರಿತ ಪುಟಕ್ಕೆ ಕಣ್ಣಿಲ್ಲ. ಆದ್ದರಿಂದ ಓದುಗನು ಎಲ್ಲಿ ಎಡವಬಹುದೆಂಬುದನ್ನು ಬರೆಯುವವನು ಮೊದಲೇ ಊಹಿಸಬೇಕು. ಪಾಠದ ಆರಂಭದಲ್ಲಿಯೇ ಅದರ ಉದ್ದೇಶವನ್ನು ಹೇಳಬೇಕು. ವಿಷಯವನ್ನು ಸಣ್ಣ ಭಾಗಗಳಾಗಿ ಒಡೆಯಬೇಕು. ಪ್ರತಿಯೊಂದು ಭಾಗದ ಕೊನೆಯಲ್ಲಿ ಓದಿದವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳನ್ನಿಡಬೇಕು. ಇಂತಹ ಪಾಠಗಳನ್ನು ಬರೆಯಲು ಇತರ ವಿಶ್ವವಿದ್ಯಾನಿಲಯಗಳ ಮತ್ತು ಕಾಲೇಜುಗಳ ಅನುಭವೀ ಅಧ್ಯಾಪಕರನ್ನು ಕರೆಯಲಾಯಿತು. ಒಬ್ಬರು ಬರೆದುದನ್ನು ಇನ್ನೊಬ್ಬರು ಪರಿಶೀಲಿಸಿ, ಮತ್ತೊಬ್ಬರು ಸಂಪಾದಿಸುವ ಕ್ರಮವು ರೂಢಿಗೆ ಬಂದಿತು. ತಾವು ಬರೆದುದನ್ನು ಬೇರೆಯವರು ತಿದ್ದುವುದಕ್ಕೆ ಒಗ್ಗದ ಪಂಡಿತರಿಗೆ ಇದು ಹೊಸ ಶಿಸ್ತು. ತರಗತಿಯ ನಾಲ್ಕು ಗೋಡೆಗಳ ನಡುವೆ ನಡೆಯುವ ಪಾಠವನ್ನು ಹೊರಗಿನವರಾರೂ ಕೇಳುವುದಿಲ್ಲ. ಮುಕ್ತ ವಿಶ್ವವಿದ್ಯಾನಿಲಯದ ಪಾಠವನ್ನಾದರೋ ಯಾರು ಬೇಕಾದರೂ ಕೊಂಡು ಓದಿ ತೂಗಿ ನೋಡಬಹುದು.

ಈ ಪಾಠಗಳು ಮುಖ್ಯವಾಗಿ ತೆಲುಗಿನಲ್ಲಿ ಸಿದ್ಧವಾದುವೆಂಬುದನ್ನು ಎತ್ತಿ ಹೇಳಬೇಕು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಷ್ಟೇ ಅಲ್ಲದೆ ವಿಜ್ಞಾನದ ವಿಷಯಗಳನ್ನೂ ಪದವಿಯ ಮಟ್ಟದಲ್ಲಿ ತಾಯ್ನುಡಿಯಲ್ಲಿ ವಿವರಿಸುವುದು ಸುಲಭದ ಕೆಲಸವಲ್ಲ. 1968ರಲ್ಲಿ ಸ್ಥಾಪಿತವಾಗಿದ್ದ ತೆಲುಗು ಅಕಾಡೆಮಿಯು ಕಾಲೇಜು ಪಠ್ಯಗಳಿಗಾಗಿ ಪರಿಭಾಷೆಯ ನೆಲವನ್ನು ಅದಾಗಲೇ ಹದ ಮಾಡಿದ್ದಿತು. ಮುಕ್ತ ವಿಶ್ವವಿದ್ಯಾನಿಲಯವು ಆ ನೆಲದಲ್ಲಿ ಬಿತ್ತಿತು. ಮುಂದೆ ಈ ಹೊತ್ತಗೆಗಳನ್ನು ಅದರ ವಿದ್ಯಾರ್ಥಿಗಳಷ್ಟೇ ಅಲ್ಲದೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ತರುಣರೂ ಹುಡುಕಿ ಓದುವಂತಾಯಿತು. ಉರ್ದುವನ್ನು ಕಲಿತ ಮೇಲೆಯೇ ವಿದ್ಯೆಯ ಮೆಟ್ಟಿಲು ಹತ್ತಬೇಕಾಗಿದ್ದ ನೆಲದಲ್ಲಿ, ಅಡುಗೆಮನೆಯ ಮಾತಿನಲ್ಲಿಯೇ ಪದವಿಯ ಪಾಠವು ಮನೆಗೆ ಬಂದಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಮೂರನೆಯ ಉತ್ತರವೆಂದರೆ ಅಧ್ಯಯನ ಕೇಂದ್ರಗಳು. ರಾಜ್ಯದ ಊರೂರುಗಳಲ್ಲಿ ಅದಾಗಲೇ ಇದ್ದ ಕಾಲೇಜುಗಳ ಕಟ್ಟಡಗಳನ್ನೇ ರಜಾದಿನಗಳಲ್ಲಿ ಬಳಸಿಕೊಳ್ಳುವ ಏರ್ಪಾಡಾಯಿತು. ಭಾನುವಾರ ಬೀಗ ಹಾಕಿದ ತರಗತಿಯ ಕೋಣೆಗಳು ದುಡಿಯುವ ವಿದ್ಯಾರ್ಥಿಗಳಿಗಾಗಿ ತೆರೆದವು. ಅದೇ ಕಾಲೇಜುಗಳ ಅಧ್ಯಾಪಕರು ಸಮಾಲೋಚಕರಾಗಿ ಬಂದು, ಪಾಠವನ್ನು ಮೊದಲಿನಿಂದ ಒಪ್ಪಿಸದೆ, ಓದಿಕೊಂಡು ಬಂದವರ ಸಂಶಯಗಳನ್ನು ಬಿಡಿಸಿದರು. ವಿಜ್ಞಾನದ ವಿದ್ಯಾರ್ಥಿಗಳು ಅಲ್ಲಿಯ ಪ್ರಯೋಗಶಾಲೆಗಳಲ್ಲಿ ಅಭ್ಯಾಸ ಮಾಡಿದರು. ಆಕಾಶವಾಣಿಯ ಪಾಠಗಳು, ಧ್ವನಿಸುರುಳಿಗಳು ಮುದ್ರಿತ ಪಾಠಕ್ಕೆ ಪೂರಕವಾದವು. ಹೊಸ ಕಟ್ಟಡಗಳಿಗೆ ಹಣ ಸುರಿಯದೆ, ಸಮಾಜದಲ್ಲಿ ಇದ್ದುದನ್ನೇ ಹೊಂದಿಸಿ ವಿಶ್ವವಿದ್ಯಾನಿಲಯವೊಂದನ್ನು ನಿರ್ಮಿಸಿದ ಆಡಳಿತ ಕೌಶಲವಿದು. ಗುರುವಿಲ್ಲದ ವಿದ್ಯೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನವಿರಲಿಲ್ಲ. ಗುರುವು ಇದ್ದೇ ಇದ್ದನು. ಅವನನ್ನು ಹುಡುಕಿಕೊಂಡು ಶಿಷ್ಯನು ಹೈದರಾಬಾದಿಗೆ ಹೋಗಬೇಕಾದ ಅಗತ್ಯ ಮಾತ್ರ ತಪ್ಪಿತು.

ಎಲ್ಲವೂ ಸರಾಗವಾಗಿ ನಡೆಯಿತೆಂದು ಭಾವಿಸಬೇಕಾಗಿಲ್ಲ. ಉತ್ಸಾಹದಿಂದ ಸೇರಿದವರಲ್ಲಿ ಅನೇಕರು ಮಧ್ಯದಲ್ಲಿಯೇ ಓದನ್ನು ಬಿಡುವುದು ಜಗತ್ತಿನ ಎಲ್ಲ ಮುಕ್ತ ವಿಶ್ವವಿದ್ಯಾನಿಲಯಗಳನ್ನೂ ಕಾಡಿದ ತೊಂದರೆ. ಇಲ್ಲಿಯೂ ಅದು ತಪ್ಪಲಿಲ್ಲ. ದಣಿದ ದೇಹಕ್ಕೆ ರಾತ್ರಿಯ ಓದು ಕಠಿನ ವ್ರತವೇ ಸರಿ. ಆದರೂ ಸಂಸ್ಥೆಯು ನಿಂತಿತು, ಬೆಳೆಯಿತು. 1991ರಲ್ಲಿ ಅದಕ್ಕೆ ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರನ್ನಿಡಲಾಯಿತು. ಶಾಲೆಯ ಕೋಣೆಯಲ್ಲಿ ಬೇರೆ ಕೂಡಿಸಲ್ಪಟ್ಟ ಬಾಲಕನೊಬ್ಬನು ವಿದ್ಯೆಯ ಬಲದಿಂದಲೇ ದೇಶದ ಸಂವಿಧಾನದ ಶಿಲ್ಪಿಯಾದ ಚರಿತ್ರೆಯುಳ್ಳ ನಾಡಿನಲ್ಲಿ, ಯಾರನ್ನೂ ಹೊರಗೆ ನಿಲ್ಲಿಸದ ವಿಶ್ವವಿದ್ಯಾನಿಲಯಕ್ಕೆ ಅದಕ್ಕಿಂತ ಉಚಿತವಾದ ಹೆಸರು ದೊರೆಯಲಾರದು.

ರಾಜ್ಯವೊಂದರಲ್ಲಿ ನಡೆದ ಪ್ರಯೋಗವು ಕೇಂದ್ರದ ಹಿಂಜರಿಕೆಯನ್ನು ನೀಗಿತು. 1985ರ ಸೆಪ್ಟೆಂಬರಿನಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ದಿಲ್ಲಿಯಲ್ಲಿ ಸ್ಥಾಪಿತವಾಯಿತು. ಅದರ ಪ್ರಥಮ ಕುಲಪತಿಗಳಾಗಿಯೂ ರಾಮರೆಡ್ಡಿಯವರೇ ಬಂದರು. 1989ರ ವರೆಗೆ ಅಲ್ಲಿದ್ದರು. ದೇಶದ ಎರಡು ಮುಕ್ತ ವಿಶ್ವವಿದ್ಯಾನಿಲಯಗಳ ಅಡಿಗಲ್ಲನ್ನು ಒಬ್ಬರ ಕೈಯೇ ಇರಿಸಿತೆನ್ನಬಹುದು. ಈ ಸಂಸ್ಥೆಗೆ ಕಾಯಿದೆಯು ಎರಡು ಹೊಣೆಗಳನ್ನು ಹೊರಿಸಿದ್ದಿತು. ಇಡೀ ದೇಶಕ್ಕೆ ತಾನು ಪಾಠ ಹೇಳುವುದು ಒಂದು. ದೇಶದ ದೂರಶಿಕ್ಷಣ ವ್ಯವಸ್ಥೆಯನ್ನು ಪ್ರೋತ್ಸಾಹಿಸಿ, ಸಮನ್ವಯಗೊಳಿಸಿ, ಅದರ ಮಟ್ಟವನ್ನು ಕಾಯುವುದು ಇನ್ನೊಂದು.

ಲಕ್ಷಾಂತರ ಜನರು ಕಾಯುತ್ತಿರುವರೆಂದು ತಿಳಿದಿದ್ದರೂ ಹೊಸ ವಿಶ್ವವಿದ್ಯಾನಿಲಯವು ಬಾಗಿಲನ್ನು ಒಮ್ಮೆಗೇ ಹಾರುಹೊಡೆಯಲಿಲ್ಲ. ಸ್ಥಾಪನೆಯಾದ ಸುಮಾರು ಒಂದೂವರೆ ವರ್ಷವನ್ನು ಸಿದ್ಧತೆಗೇ ಮೀಸಲಿಟ್ಟು, 1987ರಲ್ಲಿ ಕೇವಲ ಎರಡು ಡಿಪ್ಲೊಮಾ ಶಿಕ್ಷಣಕ್ರಮಗಳನ್ನು ಆರಂಭಿಸಿತು. ಒಂದು ವ್ಯವಸ್ಥಾಪನಶಾಸ್ತ್ರ, ಇನ್ನೊಂದು ದೂರಶಿಕ್ಷಣ. ಸೇರಿದ ವಿದ್ಯಾರ್ಥಿಗಳು 4,528. ದೂರದಿಂದ ಕಲಿಸುವ ವಿದ್ಯೆಯನ್ನೇ ಮೊದಲು ಕಲಿಸಹೊರಟುದು ಗಮನಾರ್ಹ. ಬಿತ್ತುವ ಮುನ್ನ ಬೀಜವನ್ನು ಸಿದ್ಧಗೊಳಿಸುವ ರೈತನ ವಿವೇಕವಿದು. ವಿದ್ಯಾರ್ಥಿಯು ಮನೆಯಲ್ಲಿ ಬರೆದು ಕಳುಹಿಸಿದ ಉತ್ತರಗಳಿಗೆ ಅಂಕವನ್ನಷ್ಟೇ ಹಾಕದೆ, ಅಂಚಿನಲ್ಲಿ ಟಿಪ್ಪಣಿ ಬರೆದು ತಿದ್ದಿ ಹಿಂದಿರುಗಿಸುವ ಪದ್ಧತಿಗೆ ಅಲ್ಲಿ ಮಹತ್ವ ದೊರಕಿತು. ಕಾಣದ ಗುರು ಕಾಣದ ಶಿಷ್ಯನೊಡನೆ ಮಾತನಾಡುವುದು ಆ ಟಿಪ್ಪಣಿಯಲ್ಲಿಯೇ. ಅಂದು ನಾಲ್ಕೂವರೆ ಸಾವಿರ ವಿದ್ಯಾರ್ಥಿಗಳಿಂದ ಹೊರಟ ಆ ಸಂಸ್ಥೆಯು ಮುಂದೆ ಜಗತ್ತಿನ ಅತ್ಯಂತ ದೊಡ್ಡ ವಿಶ್ವವಿದ್ಯಾನಿಲಯಗಳ ಸಾಲಿಗೆ ಸೇರಿತು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಮುಕ್ತ ಶಿಕ್ಷಣವನ್ನು ಪುರಸ್ಕರಿಸಿದ ಮೇಲೆ ರಾಜ್ಯಗಳೂ ಒಂದೊಂದಾಗಿ ಮುಂದೆ ಬಂದವು. 1987ರಲ್ಲಿ ರಾಜಸ್ಥಾನದ ಕೋಟಾ ಮತ್ತು ಬಿಹಾರದ ಪಾಟ್ನಾಗಳಲ್ಲಿ, 1989ರಲ್ಲಿ ಮಹಾರಾಷ್ಟ್ರದ ನಾಸಿಕದಲ್ಲಿ ಮುಕ್ತ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಹೈದರಾಬಾದಿನಲ್ಲಿ ಹಚ್ಚಿದ ಹಣತೆಯಿಂದ ಹಣತೆಗಳು ಹೊತ್ತಿಕೊಂಡಂತಾಯಿತು. ಮುಕ್ತ ವಿಶ್ವವಿದ್ಯಾನಿಲಯಗಳನ್ನು ಕುರಿತು 1988ರಲ್ಲಿ ರಾಮರೆಡ್ಡಿಯವರು ಸಂಪಾದಿಸಿದ ಇಂಗ್ಲಿಷ್ ಗ್ರಂಥದ ಶೀರ್ಷಿಕೆಯೇ ದಂತಗೋಪುರಗಳ ಬಾಗಿಲು ತೆರೆದುದನ್ನು ಸಾರುತ್ತದೆ.

ಅವರ ಅನುಭವವು ದೇಶದ ಗಡಿಯನ್ನೂ ದಾಟಿತು. ಕಾಮನ್‌ವೆಲ್ತ್ ರಾಷ್ಟ್ರಗಳು ದೂರಶಿಕ್ಷಣದ ಸಹಕಾರಕ್ಕಾಗಿ ಕೆನಡಾದ ವ್ಯಾಂಕೂವರಿನಲ್ಲಿ ಸ್ಥಾಪಿಸಿದ ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಸಂಸ್ಥೆಯ ಉಪಾಧ್ಯಕ್ಷರಾಗಿ ಅವರು ಸೇವೆ ಸಲ್ಲಿಸಿದರು. ಬಳಿಕ 1991ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧ್ಯಕ್ಷರಾದರು. ದೂರಶಿಕ್ಷಣವನ್ನು ಹಿತ್ತಲ ಬಾಗಿಲೆಂದು ತಿಳಿಯುತ್ತಿದ್ದ ದೇಶದಲ್ಲಿ, ಆ ಕ್ಷೇತ್ರದ ಕಟ್ಟಾಳೊಬ್ಬರು ಸಮಸ್ತ ಉಚ್ಚಶಿಕ್ಷಣದ ಉನ್ನತ ಪೀಠಕ್ಕೆ ಬಂದುದು ಆ ಪದ್ಧತಿಗೇ ಸಂದ ಗೌರವವಾಗಿದ್ದಿತು. ಅವರ ಅಧ್ಯಕ್ಷತೆಯ ಅವಧಿಯಲ್ಲಿ, 1994ರಲ್ಲಿ, ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯು ಬೆಂಗಳೂರಿನಲ್ಲಿ ನೆಲೆಗೊಂಡಿತು. ಇಂದು ಕಾಲೇಜುಗಳನ್ನು ನಡೆಸುವ ಪ್ರತಿಯೊಂದು ಆಡಳಿತ ಮಂಡಳಿಗೂ ಆ ಹೆಸರು ಸುಪರಿಚಿತ. ಶಿಕ್ಷಣವನ್ನು ಹರಡುವುದರೊಡನೆ ಅದರ ಮಟ್ಟವನ್ನು ಅಳೆಯುವುದೂ ನಡೆಯಬೇಕೆಂಬ ವಿಚಾರವು ಹೀಗೆ ಎಲ್ಲ ಬಗೆಯ ಕಾಲೇಜುಗಳಿಗೂ ವಿಸ್ತರಿಸಿತು.

1995ರ ಜುಲೈ 2ರಂದು ರಾಮರೆಡ್ಡಿಯವರು ತಮ್ಮ ಅರವತ್ತೈದನೆಯ ವಯಸ್ಸಿನಲ್ಲಿ ನಿಧನರಾದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಕೇಂದ್ರವು ಅವರ ಹೆಸರನ್ನು ಹೊತ್ತಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಅವರ ಸ್ಮರಣೆಯಲ್ಲಿ ಉಪನ್ಯಾಸಮಾಲೆಯನ್ನು ನಡೆಸಿಕೊಂಡು ಬಂದಿದೆ.

ಅವರು ಕಣ್ಮುಚ್ಚಿದ ಮರುವರ್ಷವೇ ಕನ್ನಡ ನಾಡಿಗೂ ತನ್ನದೇ ಆದ ಮುಕ್ತ ವಿಶ್ವವಿದ್ಯಾನಿಲಯವು ದೊರಕಿತು. 1992ರ ಕಾಯಿದೆಗೆ ಅನುಸಾರವಾಗಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರ ಜೂನ್ 1ರಂದು ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕಾರ್ಯಾರಂಭ ಮಾಡಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ ಅದರ ತಾಯಿಬೇರು. ಕನ್ನಡದಲ್ಲಿ ಪಾಠಗಳನ್ನು ಬರೆಯಿಸಿ, ನಾಡಿನ ಅಧ್ಯಾಪಕರು, ನೌಕರರು, ಗೃಹಿಣಿಯರು ಪದವಿ ಪಡೆಯಲು ಅದು ನೆರವಾಯಿತು. ಆದರೆ ರಾಜ್ಯದ ಎಲ್ಲೆಯ ಹೊರಗೆ, ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ಶಿಕ್ಷಣಕ್ರಮಗಳನ್ನು ಹಬ್ಬಿಸಿದುದು ನಿಯಮಬಾಹಿರವೆಂದು 2015ರಲ್ಲಿ ಧನಸಹಾಯ ಆಯೋಗವು ಅದರ ಮಾನ್ಯತೆಯನ್ನು ಹಿಂದಕ್ಕೆ ಪಡೆದಾಗ, ಏನೊಂದೂ ತಪ್ಪು ಮಾಡದ ಅಸಂಖ್ಯ ವಿದ್ಯಾರ್ಥಿಗಳು ಆತಂಕಕ್ಕೆ ಗುರಿಯಾದರು. 2018ರಲ್ಲಿ ಮಾನ್ಯತೆಯು ಮರಳಿ ಬಂದು ಸಂಸ್ಥೆಯು ಚೇತರಿಸಿಕೊಂಡಿತು. ದೂರಶಿಕ್ಷಣದಲ್ಲಿ ವಿದ್ಯಾರ್ಥಿಗೂ ವಿಶ್ವವಿದ್ಯಾನಿಲಯಕ್ಕೂ ನಡುವೆ ಮಧ್ಯಸ್ಥರು ಬಂದು ನಿಂತರೆ ಏನಾಗುವುದೆಂಬುದಕ್ಕೆ ಇದೊಂದು ಪಾಠ. ಪೈರವಿಕಾರನನ್ನು ಅಷ್ಟು ಚೆನ್ನಾಗಿ ಅರಿತಿದ್ದ ರಾಮರೆಡ್ಡಿಯವರ ಬರವಣಿಗೆಯನ್ನು ಓದಿದವರಿಗೆ ಈ ಪಾಠವು ಹೊಸದೆನಿಸದು.

ವಿದ್ಯಾಸಂಸ್ಥೆಯನ್ನು ನಡೆಸುವವರಿಗೆ ಅವರ ಬದುಕಿನಿಂದ ದೊರೆಯುವ ತಿಳಿವು ಸರಳವಾದುದು. ಬಡವನಿಗೆ ಬಾಗಿಲು ತೆರೆಯುವುದು ಪುಣ್ಯದ ಕೆಲಸ. ಒಳಗೆ ಬಂದ ಮೇಲೆ ಬಡವನಿಗೆ ಇಷ್ಟು ಸಾಕೆಂದು ಕಡಮೆ ತೂಕದ ವಿದ್ಯೆಯನ್ನು ಕೊಡುವುದಾದರೆ ಆ ಪುಣ್ಯವು ಅಲ್ಲಿಯೇ ಸವೆದುಹೋಗುತ್ತದೆ. ತಡವಾಗಿ ಬಂದವನಿಗೂ, ದೂರದಲ್ಲಿರುವವನಿಗೂ, ದುಡಿದು ದಣಿದು ಓದುವವನಿಗೂ ಮೊದಲ ಸಾಲಿನಲ್ಲಿ ಕುಳಿತವನಿಗೆ ಕೊಡುವ ಪಾಠವನ್ನೇ, ಅದೇ ಶ್ರದ್ಧೆಯಿಂದ, ಕೊಡಬೇಕು. ಭಾನುವಾರದ ಬೀಗ ತೆಗೆದು ಸಮಾಲೋಚನೆಗೆ ಕುಳಿತ ಅಧ್ಯಾಪಕ, ಕಟ್ಟಡವನ್ನು ಬಿಟ್ಟುಕೊಟ್ಟ ಕಾಲೇಜು, ನಡುವಯಸ್ಸಿನಲ್ಲಿ ಪರೀಕ್ಷೆಗೆ ಕುಳಿತ ತಾಯಿ ಇವರೆಲ್ಲರೂ ಸೇರಿ ನಡೆಸಿದ ಕಾಯಕಕ್ಕೆ ಮೊದಲ ದಾರಿಯನ್ನು ಕಡಿದುಕೊಟ್ಟವರು ಪ್ರೊ. ಜಿ. ರಾಮರೆಡ್ಡಿ. ಆ ದಾರಿಯಲ್ಲಿ ಇಂದಿಗೂ ಪ್ರತಿವರ್ಷ ಹೊಸಬರು ನಡೆದು ಬರುತ್ತಿದ್ದಾರೆ.